ಗೆರೆ ದಾಟದ ಕೂಸು

ಯಮನವ್ವನ ಕೈಗೆ ತೂಕ ಗೊತ್ತಾಗುತ್ತಿತ್ತು. ಪುಣೆಯ ಬಿಬವೇವಾಡಿಯ ಗುಡ್ಡದ ಓರೆಯಲ್ಲಿ ಎಂಬತ್ತೆರಡನೆಯ ಇಸವಿಯಲ್ಲಿ ಒಟ್ಟಿಗೇ ಮೂರು ಕಟ್ಟಡಗಳು ಏಳುತ್ತಿದ್ದವು. ಅಲ್ಲಿ ದುಡಿಯುವವರಿಗೆಲ್ಲ ಈ ಸಂಗತಿ ಗೊತ್ತು. ಅಂಗಡಿಯಿಂದ ಮೊಳೆಯ ಪೊಟ್ಟಣ ಬಂದರೆ ಕೂಲಿಗಳ ಮೇಲಿನ ಮುಕಾದಮ ಮಾರ್ತಾಂಡ ಅದನ್ನು ಮೊದಲು ಅವಳ ಕೈಗೆ ಕೊಡುತ್ತಿದ್ದ. ಅವಳು ಎರಡು ಸಲ ಮೇಲೆ ಕೆಳಗೆ ಆಡಿಸಿ, "ಪಾವ್ ಕಿಲೋ ಕಮ್ಮಿ ಅದ್ರಿ" ಅನ್ನುವಳು. ಅಂಗಡಿಯವನು ಮೊದಲು ಗುರುಗುಟ್ಟುತ್ತಿದ್ದ, ಆಮೇಲೆ ತೂಗಿ ನೋಡಿ ಸುಮ್ಮನಾಗುತ್ತಿದ್ದ. ಹನ್ನೆರಡನೆಯ ವಯಸ್ಸಿನಿಂದ ಇಟ್ಟಿಗೆ, ಉಸುಕು, ಕಲಸಿದ ಸಿಮೆಂಟಿನ ಮಾಲು ಹೊತ್ತ ಕೈ ಅದು. ಬೇರೆ ಯಾವ ವಿದ್ಯೆಯೂ ಬರದವಳಿಗೆ ದೇವರು ಇದೊಂದನ್ನು ಕೊಟ್ಟಿದ್ದ. ಕೊಡದೆ ಇದ್ದಿದ್ದರೆ ಛಲೋ ಇತ್ತು.

ಅವಳೂ ಗಂಡ ತಾಯಪ್ಪನೂ ಸುರಪುರದ ಕಡೆಯವರು. ಪುಣೆಗೆ ಬಂದು ಐದು ವರ್ಷವಾಗಿತ್ತು. ಬರುವಾಗ ಕಂಕುಳಲ್ಲಿದ್ದ ಮೊದಲ ಮಗ ಧರ್ಮಣ್ಣ ಈಗ ಇರಲಿಲ್ಲ. ಮೂರು ವರ್ಷದವನಿದ್ದಾಗ ಅವನ ಪಾದ ಬಾತವು, ಆಮೇಲೆ ಮೊಣಕಾಲು, ಆಮೇಲೆ ಮುಖ. ನೋಡಿದವರು "ಹುಡುಗ ಮೈ ತುಂಬ್ಯಾನಲ್ಲ" ಅಂದರು. ಯಮನವ್ವನೂ ಹಾಗೇ ಅಂದುಕೊಂಡು ಹತ್ತು ದಿನ ಹಿಗ್ಗಿದಳು. ಹನ್ನೊಂದನೆಯ ದಿನ ಹುಡುಗ ಏಳಲಿಲ್ಲ. ಅಂದಿನಿಂದ ಅವಳ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತು: ಬಾತ ಕೂಸು ಸಾಯುತ್ತದೆ. ತೆಳ್ಳಗಿನ ಕೂಸಿನ ಭಯ ಅವಳಿಗಿರಲಿಲ್ಲ. ಅವಳ ಸೀಮೆಯಲ್ಲಿ ಮಕ್ಕಳೆಲ್ಲ ತೆಳ್ಳಗೇ ಇರುತ್ತಿದ್ದವು, ಅವಳೂ ತೆಳ್ಳಗಿದ್ದೇ ಬೆಳೆದವಳು.

ಈಗ ಇದ್ದವರು ಇಬ್ಬರು. ನಾಲ್ಕು ವರ್ಷದ ಮಗಳು ಗೋದಾ, ಹನ್ನೊಂದು ತಿಂಗಳ ಮಗ ಬಾಳು. ಗೋದಾ ಜೋಪಡಿಯ ಮುಂದೆ ಉಸುಕಿನಲ್ಲಿ ಆಡಿಕೊಂಡಿರುತ್ತಿದ್ದಳು. ಬಾಳು ಕಟ್ಟಡದ ಕೆಳಗೆ, ಎರಡು ಕಂಬಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿರುತ್ತಿದ್ದ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಯಮನವ್ವ ಬಂದು ಮೊಲೆ ಕೊಟ್ಟು ಹೋಗುತ್ತಿದ್ದಳು.

ನೀರಜಾಬಾಯಿ ಬಂದದ್ದು ಬೇಸಿಗೆಯಲ್ಲಿ. ಧಾರವಾಡದ ಹೆಣ್ಣುಮಗಳು, ಗಂಡ ಬ್ಯಾಂಕಿನಲ್ಲಿ, ಮನೆ ಕೋಥರೂಡದಲ್ಲಿ. ಬಡ ತಾಯಂದಿರಿಗೂ ಕೂಸುಗಳಿಗೂ ಆಹಾರ ಹಂಚುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದಳು. ಮಂಗಳವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ, ಗುಡ್ಡ ಹತ್ತಿ, ಬೆವರು ಒರೆಸಿಕೊಳ್ಳುತ್ತ ಬರುತ್ತಿದ್ದಳು. ಜೋಪಡಿಗಳ ನಡುವೆ ಕನ್ನಡ ಕಿವಿಗೆ ಬಿದ್ದ ದಿನ ಅವಳ ಕಣ್ಣು ತುಂಬಿ ಬಂದಿತ್ತು. "ನಮ್ಮ ಮಂದಿ" ಅಂದಿದ್ದಳು. ನಮ್ಮ ಮಂದಿ ಅಂದವಳು ಜೋಪಡಿಯೊಳಗೆ ಕಾಲಿಡುವಾಗ ಸೀರೆಯನ್ನು ತುಸು ಎತ್ತಿ ಹಿಡಿಯುತ್ತಿದ್ದಳು, ಅಷ್ಟನ್ನು ಬಿಡೋಣ. ಕೆಟ್ಟ ಹೆಂಗಸೇನಲ್ಲ. ಕೆಟ್ಟವಳಾಗಿದ್ದರೆ ಯಮನವ್ವ ಹುಷಾರಾಗಿರುತ್ತಿದ್ದಳು.

ಬೇವಿನ ಮರದ ಟೊಂಗೆಗೆ ಅವಳು ಒಂದು ಸ್ಪ್ರಿಂಗ್ ಕಾಟಾ ತೂಗುಹಾಕುವಳು. ಅದರ ಕೊಕ್ಕೆಗೆ ಬಟ್ಟೆಯ ಜೋಲಿ. ಒಂದೊಂದೇ ಕೂಸನ್ನು ಅದರಲ್ಲಿಟ್ಟು, ಮುಳ್ಳು ನೋಡಿ, ಕಾರ್ಡಿನ ಮೇಲೆ ಚುಕ್ಕೆ ಇಡುವಳು. ಕಾರ್ಡಿನಲ್ಲಿ ಮೂರು ಬಣ್ಣ. ಕೆಳಗೆ ಕೆಂಪು, ನಡುವೆ ಹಳದಿ, ಮೇಲೆ ಹಸಿರು. ಚುಕ್ಕೆ ಕೆಂಪಿನಲ್ಲಿ ಬಿದ್ದ ಕೂಸಿಗೆ ವಾರಕ್ಕೊಂದು ಚೀಲ ಸುಕಡಿ ಸಿಗುತ್ತಿತ್ತು: ಹುರಿದ ಗೋಧಿ, ಕಡಲೆ, ಶೇಂಗಾ, ಬೆಲ್ಲ ಸೇರಿಸಿ ಬೀಸಿದ ಹಿಟ್ಟು. ಎರಡು ವಾರ ಸತತ ಹಳದಿಯಲ್ಲಿ ಬಿದ್ದರೆ ಹೆಸರು ತೆಗೆಯುತ್ತಿದ್ದರು. ಮೂರು ವರ್ಷ ದಾಟಿದವರಿಗೆ ಏನೂ ಇಲ್ಲ.

ಬಾಳುವಿನ ಚುಕ್ಕೆ ಕೆಂಪಿನಲ್ಲಿ ಬಿತ್ತು. ಯಮನವ್ವ ಹೇಳಿದಂತೆ ಕೇಳುವ ಹೆಂಗಸು. ಚೀಲದ ಹಿಟ್ಟನ್ನು ಬಿಸಿನೀರಲ್ಲಿ ಕಲಸಿ ಕೂಸಿಗೇ ತಿನ್ನಿಸಿದಳು, ಬೇರೆ ಯಾರಿಗೂ ಕೊಡಲಿಲ್ಲ. ಗೋದಾ ಪಾತ್ರೆಯ ಅಂಚು ನೆಕ್ಕಲು ಬಂದರೆ ಗದರಿಸಿದಳು. ಆರು ವಾರದಲ್ಲಿ ಬಾಳುವಿನ ಕೆನ್ನೆ ತುಂಬಿತು, ಚುಕ್ಕೆ ಹಳದಿಗೆ ಏರಿತು. ನೀರಜಾಬಾಯಿ ಎಲ್ಲರ ಕೈಯಿಂದಲೂ ಚಪ್ಪಾಳೆ ಹೊಡೆಸಿದಳು. ಮುಂದಿನ ವಾರವೂ ಚುಕ್ಕೆ ಹಳದಿಯಲ್ಲೇ ಬಿದ್ದಾಗ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದಳು.

"ನಿನ್ನ ಕೂಸು ಸುಧಾರಿಸ್ತು ಯಮನವ್ವಾ. ಇನ್ನ ಸುಕಡಿ ಬ್ಯಾಡ. ಬ್ಯಾರೆ ಕೂಸಿಗೆ ಕೊಡಬೇಕಲ್ಲ."

"ದೊಡ್ಡಾಕಿಗೆ ಕೊಡ್ರಿ ಬಾಯಾರ. ಮನ್ಯಾಗ ಏನೂ ಆಗವಲ್ದು."

"ಮೂರು ವರ್ಷದ ಮ್ಯಾಲಿನವ್ರಿಗೆ ಇಲ್ಲವಾ, ಅದು ನನ್ನ ಕೈಯಾಗಿಲ್ಲ. ನೀ ಮನ್ಯಾಗ ಛಲೋ ಊಟಾ ಹಾಕು. ಬ್ಯಾಳಿ ಹಾಕು, ಮೆಂತ್ಯಪಲ್ಲೆ ಹಾಕು, ವಾರಕ್ಕ ಎರಡು ತತ್ತಿ ಕೊಡು."

"ಹೂಂ ರೀ" ಅಂದಳು ಯಮನವ್ವ. ಮತ್ತೇನನ್ನಬೇಕು. ಅವರ ಮನೆಯಲ್ಲಿ ಜೋಳದ ರೊಟ್ಟಿಗೆ ಮೆಣಸಿನಕಾಯಿ ಖಾರವಿತ್ತು, ಕೆಲವು ದಿನ ಅದೂ ಒಂದು ಹೊತ್ತಿಗೆ. ತತ್ತಿಯ ಮಾತು ಬಂದಾಗ ಪಕ್ಕದ ಜೋಪಡಿಯ ಸಕ್ಕುಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಹೆಸರು ತೆಗೆದ ಮೂರನೆಯ ವಾರದಲ್ಲಿ ಗೋದಾಳ ಪಾದ ಬಾತಿತು. ಮುಂಜಾನೆ ನೀರು ಹಾಕುವಾಗ ಯಮನವ್ವ ಮಗಳ ಕಣಕಾಲು ಹಿಡಿದಳು, ಹೆಬ್ಬೆರಳು ಒಳಗೆ ಇಳಿಯಿತು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು. ಧರ್ಮಣ್ಣನ ಕಾಲಿನಲ್ಲಿ ನೋಡಿದ್ದ ಕುಳಿಯೇ ಅದು. ಅವತ್ತು ಇಟ್ಟಿಗೆ ಹೊರುವಾಗ ಎರಡು ಸಲ ಮೆಟ್ಟಿಲು ತಪ್ಪಿದಳು.

ಅದೇ ಹೊತ್ತಿಗೆ ಸುಕಡಿ ನಿಂತ ಬಾಳುವೂ ಇಳಿದಿದ್ದ. ಮುಂದಿನ ಮಂಗಳವಾರ ಅವನ ಚುಕ್ಕೆ ಮತ್ತೆ ಕೆಂಪಿಗೆ ಬಿತ್ತು. ನೀರಜಾಬಾಯಿ ನಿಟ್ಟುಸಿರು ಬಿಟ್ಟು, ಬೈದು, ಚೀಲ ಕೊಟ್ಟಳು. ಯಮನವ್ವ ಚೀಲವನ್ನು ಮನೆಗೆ ತಂದು, ಬಾಗಿಲು ಮುಂದೆ ಮಾಡಿ, ಅದರ ಮುಕ್ಕಾಲು ಪಾಲನ್ನು ವಾರವಿಡೀ ಗೋದಾಳಿಗೆ ತಿನ್ನಿಸಿದಳು. ಹತ್ತು ದಿನದಲ್ಲಿ ಕಾಲಿನ ಬಾವು ಇಳಿಯಿತು. ಹುಡುಗಿ ಎದ್ದು ಉಸುಕಿಗೆ ಓಡಿದಳು. ಯಮನವ್ವ ಅವಳ ಓಟ ನೋಡುತ್ತ ನಿಂತು ಅತ್ತಳು, ಸುಖಕ್ಕೆ ಅತ್ತಳು.

ಆಗ ಅವಳಿಗೆ ಲೆಕ್ಕ ತಿಳಿಯಿತು. ಬಾಳು ಕೆಂಪಿನಲ್ಲಿರುವ ತನಕ ಚೀಲ ಬರುತ್ತದೆ, ಚೀಲ ಬರುವ ತನಕ ಗೋದಾ ಬಾಯುವುದಿಲ್ಲ. ಬಾಳುವಿಗೆ ಮೊಲೆಯಾದರೂ ಇತ್ತು, ಗೋದಾಳಿಗೆ ಏನಿತ್ತು? ತೆಳ್ಳಗಿನ ಕೂಸು ತೆಳ್ಳಗೇ ಇರಲಿ, ಸಾಯುವುದಿಲ್ಲವಲ್ಲ. ಇದನ್ನು ಅವಳು ಕ್ರೂರತನ ಅಂದುಕೊಳ್ಳಲಿಲ್ಲ. ಎರಡು ಮಕ್ಕಳನ್ನೂ ಉಳಿಸುವ ದಾರಿ ಅಂದುಕೊಂಡಳು. ಆ ಕಾರ್ಡು, ಆ ಬಣ್ಣ, ಆ ಕಾಯದೆ ಮಾಡಿದವರು ಎಲ್ಲೋ ಫ್ಯಾನಿನ ಕೆಳಗೆ ಕೂತು ಮಾಡಿದ್ದರು. ಒಂದು ಮನೆಯಲ್ಲಿ ಎರಡು ಬಾಯಿ ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಸೋಮವಾರ ಸಂಜೆ ಅವಳು ಕೂಸನ್ನು ಎರಡೂ ಕೈಯಲ್ಲಿ ಎತ್ತಿ ತೂಗುವಳು. ಆ ವಯಸ್ಸಿನ ಕೂಸಿಗೆ ಕೆಂಪು ಮುಗಿದು ಹಳದಿ ಶುರುವಾಗುವ ಗೆರೆ ಆರು ಕಿಲೋದ ಆಸುಪಾಸಿನಲ್ಲಿ ಇತ್ತು. ಐದೂ ಮುಕ್ಕಾಲು ಅಂತ ಕೈ ಹೇಳಿದರೆ ಸಮಾಧಾನ. ಆರಕ್ಕೆ ಬಂದಿತು ಅನ್ನಿಸಿದರೆ ಅವತ್ತಿನ ಗಂಜಿ ತಪ್ಪಿಸುವಳು. ಮಂಗಳವಾರ ನೀರಜಾಬಾಯಿಯ ಮುಳ್ಳು ಅವಳ ಕೈ ಹೇಳಿದ್ದನ್ನೇ ಹೇಳುತ್ತಿತ್ತು. ಮೊಳೆಯ ಪೊಟ್ಟಣ ತೂಗಿದ ಕೈ ಈಗ ಮಗನನ್ನು ತೂಗುತ್ತಿತ್ತು. ಸಕ್ಕುಬಾಯಿಗೆ ಇದು ಗೊತ್ತಾಯಿತು. ಒಂದೇ ತಗಡಿನ ಗೋಡೆಯ ಆಚೆ ಈಚೆ ಇದ್ದವರಿಗೆ ಏನು ತಾನೆ ಗೊತ್ತಾಗುವುದಿಲ್ಲ.

"ಭಾಳ ಬಿಗಿ ಹಿಡೀಬ್ಯಾಡ ತಂಗಿ" ಅಂದಳು ಸಕ್ಕುಬಾಯಿ. "ಹುಡುಗ ಸೊರಗತಾನ."

"ಸೊರಗಲಾರದಂಗ ನೋಡಕೋತೀನಿ ಅಕ್ಕಾ. ನನ್ನ ಕೈಗೆ ಗೊತ್ತಾಗ್ತದ."

ತಾಯಪ್ಪನಿಗೆ ಏನೂ ಗೊತ್ತಿರಲಿಲ್ಲ. ಅವನು ಪಾಯ ತೋಡುವ ಗುಂಪಿನಲ್ಲಿದ್ದ. ಸಂಜೆ ಬಂದು ಉಂಡು ಬೀಳುತ್ತಿದ್ದ. ಮಗನನ್ನು ಎತ್ತಿ ಮುದ್ದಿಸಿದರೆ, "ಅವ್ವನ್ಹಂಗ ಸಣ್ಣ ಆಗ್ಯಾನ" ಅನ್ನುತ್ತಿದ್ದ, ಅಷ್ಟೇ.

ಮಳೆಗಾಲ ಹಿಡಿಯಿತು. ನೀರಜಾಬಾಯಿ ಕಾಟಾವನ್ನು ವಾರವಾರ ಹೊತ್ತು ತರುವುದನ್ನು ಬಿಟ್ಟು, ಮಾರ್ತಾಂಡನನ್ನು ಕೇಳಿಕೊಂಡು ಸಿಮೆಂಟಿನ ಗೋದಾಮಿನಲ್ಲಿ ಇಡತೊಡಗಿದಳು. ಅಲ್ಲಿಟ್ಟ ಮೇಲೆ ಅದು ಕೂಸುಗಳದ್ದಾಗಿ ಉಳಿಯಲಿಲ್ಲ. ಕಬ್ಬಿಣದ ಸರಳಿನ ತುಂಡು, ತಂತಿಯ ಸುರುಳಿ, ಹಳೆಯ ಪಟ್ಟಿ, ಎಲ್ಲವನ್ನೂ ಗೋದಾಮಿನವರು ಅದಕ್ಕೇ ನೇತುಹಾಕಿ ತೂಗಿ ಗುಜರಿಗೆ ಹಾಕುತ್ತಿದ್ದರು. ಕೂಸು ತೂಗಲು ಮಾಡಿದ ಸ್ಪ್ರಿಂಗು ಮಣಗಟ್ಟಲೆ ಕಬ್ಬಿಣಕ್ಕೆ ಎಷ್ಟು ದಿನ ತಡೆದೀತು. ಮುಳ್ಳು ಸೊನ್ನೆ ಬಿಟ್ಟು ಸ್ವಲ್ಪ ಸ್ವಲ್ಪವೇ ಮುಂದೆ ನಿಲ್ಲತೊಡಗಿತು. ನೀರಜಾಬಾಯಿ ಅದನ್ನು ನೋಡಿದಳು, ನೋಡಲಿಲ್ಲ ಅಂತಲ್ಲ. ಜೋಲಿಯ ಬಟ್ಟೆ ಮಳೆಗೆ ತೊಯ್ದು ಭಾರವಾಗಿದೆ ಅಂದುಕೊಂಡಳು.

ಆಷಾಢದ ಒಂದು ಸೋಮವಾರ ಯಮನವ್ವನ ಕೈ ಐದೂವರೆ ಅಂದಿತು. ಮರುದಿನ ಮುಳ್ಳು ಆರರ ಹತ್ತಿರ ನಿಂತಿತು.

"ಏರಲಿಕ್ಕತ್ತದ ನೋಡು" ಅಂತ ನೀರಜಾಬಾಯಿ ಖುಷಿಪಟ್ಟಳು. "ಇನ್ನೊಂದೀಟ ಏರಿದ್ರ ಹಳದಿಗೆ ಬಂದ."

ಯಮನವ್ವ ಗಾಬರಿಯಾದಳು. ತನ್ನ ಕೈ ಹೀಗೆ ತಪ್ಪಿದ್ದೇ ಇಲ್ಲ. ಅದೇ ವಾರ ಮೊಳೆಯ ಪೊಟ್ಟಣ ಬಂತು. ಅವಳು ಅರ್ಧ ಕಿಲೋ ಕಮ್ಮಿ ಅಂದಳು. ಅಂಗಡಿಯವನು ಪಟ್ಟು ಹಿಡಿದ. ಮಾರ್ತಾಂಡ ಗೋದಾಮಿನೊಳಗಿಂದ ಅದೇ ಕಾಟಾ ತರಿಸಿ ತೂಗಿದ. ಬರೋಬ್ಬರಿ ತೂಕ ತೋರಿಸಿತು. ಅಂಗಡಿಯವನು ಮೀಸೆ ತಿರುವಿದ, ನಿಂತವರೆಲ್ಲ ನಕ್ಕರು.

"ಸಿಮೆಂಟು ತಿಂದು ತಿಂದು ಕೈ ಸತ್ತಾವ ಈಕಿವು" ಅಂದ ಮಾರ್ತಾಂಡ.

ಅವಳು ಅಂಗೈ ನೋಡಿಕೊಂಡಳು. ಸ್ಲ್ಯಾಬ್ ಹಾಕುವ ಕೆಲಸ ಶುರುವಾದಾಗಿನಿಂದ ಅದು ಒಡೆದು ಬಿರುಕು ಬಿಟ್ಟು ರಕ್ತ ಜಿನುಗುತ್ತಿತ್ತು. ಬಿಸಿ ಹಿಡಿದರೂ ಸುಡುತ್ತಿರಲಿಲ್ಲ. ಹೌದು, ಸತ್ತಿರಬೇಕು ಅಂದುಕೊಂಡಳು. ತೂಗಿದ್ದು ಸಂಸ್ಥೆಯವರ ಕಾಟಾ, ಓದಿದವರು ತಂದದ್ದು, ಅದಕ್ಕೆ ಸುಳ್ಳು ಹೇಳಿ ಆಗಬೇಕಾದ್ದೇನು? ಅವಳು ತನ್ನ ಕೈಯನ್ನು ಬಿಟ್ಟು ಮುಳ್ಳನ್ನು ನಂಬಿದಳು. ಕೈ ಐದೂವರೆ ಅಂದರೆ ಅದಕ್ಕೆ ಅರ್ಧ ಕಿಲೋ ಸೇರಿಸಿ ಆರು ಅಂತ ತಿಳಿಯತೊಡಗಿದಳು. ಗೆರೆ ದಾಟಬಾರದಲ್ಲ, ಗಂಜಿ ಪೂರಾ ನಿಲ್ಲಿಸಿದಳು.

ಮುಂದಿನ ಮಂಗಳವಾರವೂ ಮುಳ್ಳು ಇಳಿಯಲಿಲ್ಲ. ಕೂಸು ಇಳಿಯುತ್ತಿತ್ತು, ಸ್ಪ್ರಿಂಗು ಸಡಿಲಾಗುತ್ತಿತ್ತು, ಎರಡೂ ಸರಿಸಮ ಆಗುತ್ತಿದ್ದವು. ಅವಳಿಗೆ ದಿಗಿಲು. ಏನೂ ತಿನ್ನದೆ ಈ ಹುಡುಗ ಹೇಗೆ ತೂಗುತ್ತಾನೆ? ಮಧ್ಯಾಹ್ನದ ಮೊಲೆಯನ್ನೂ ತಪ್ಪಿಸಿದಳು. ಊಟದ ಬಿಡುವಿನಲ್ಲಿ ಮೇಲಿನ ಅಂತಸ್ತಿನಲ್ಲೇ ಉಳಿದು ಎದೆಯನ್ನು ಕೈಯಿಂದ ಹಿಂಡಿ ಸಿಮೆಂಟಿನ ಮೇಲೆ ಚೆಲ್ಲಿದಳು. ಕೆಳಗೆ ಜೋಳಿಗೆಯಲ್ಲಿ ಕೂಸು ಅಳುವುದು ಕೇಳುತ್ತಿತ್ತು. ಕಿವಿಗೆ ಸೆರಗು ಸುತ್ತಿ ಕುಳಿತಳು. ಆ ಹದಿನೈದು ನಿಮಿಷ ಅವಳಿಗೆ ಹೇಗೆ ಕಳೆಯುತ್ತಿತ್ತು ಎಂಬುದನ್ನು ಅವಳೇ ಯಾರಿಗೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ಹದಿನೈದು ದಿನಕ್ಕೆ ಕೂಸು ಅಳುವುದನ್ನು ನಿಲ್ಲಿಸಿತು. ಜೋಳಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿರುತ್ತಿತ್ತು. ನೊಣ ಕೂತರೂ ಕೈ ಆಡಿಸುತ್ತಿರಲಿಲ್ಲ. ಕೆಲಸದ ಹೆಂಗಸರು "ಎಷ್ಟ ಶಾಣ್ಯಾ ಕೂಸವ್ವ ಇದು, ರಗಳೇನ ಇಲ್ಲ" ಅಂತ ಹೊಗಳಿದರು. ನೀರಜಾಬಾಯಿಯೂ ಅವನ ಗಲ್ಲ ಚಿವುಟಿ, "ಭಾಳ ಗುಣವಂತ" ಅಂದಳು. ಅವಳ ಬೆರಳಿಗೆ ಸಿಕ್ಕಿದ್ದು ಬರಿಯ ಚರ್ಮ. ಆದರೆ ಅವಳ ಕಣ್ಣು ಕಾರ್ಡಿನ ಮೇಲಿತ್ತು. ಚುಕ್ಕೆ ಗೆರೆಯ ಕೆಳಗೆ ತುಸುವೇ, ಹೋದ ವಾರ ಇದ್ದಲ್ಲೇ ಇತ್ತು.

ಸಕ್ಕುಬಾಯಿ ಒಂದು ದಿನ ಬಾಳುವನ್ನು ಎತ್ತಿಕೊಂಡು ಕೂತಲ್ಲಿಂದಲೇ ಯಮನವ್ವನನ್ನು ದಿಟ್ಟಿಸಿದಳು. "ಏನಾಗೇದ ನಿನಗ? ಗುಬ್ಬಿ ಎತ್ತಿದಂಗ ಅದ."

"ಕಾಟಾದಾಗ ಆರರ ಸನೇಕ ಅದಾನಕ್ಕಾ."

"ಕಾಟಾ ಸುಡು. ನಿನ್ನ ಕೈ ಏನಂತದ?"

"ನನ್ನ ಕೈ ಸತ್ತಾವ."

ಗೋದಾ ಮಾತ್ರ ಚೆನ್ನಾಗಿದ್ದಳು. ಕಾಲು ಸಪೂರ, ಹೆಬ್ಬೆರಳು ಒತ್ತಿದರೆ ಕುಳಿ ಬೀಳುತ್ತಿರಲಿಲ್ಲ. ಯಮನವ್ವ ದಿನಾ ಮುಂಜಾನೆ ಒತ್ತಿ ನೋಡಿ ದೇವರಿಗೆ ಕೈ ಮುಗಿದು ಕೆಲಸಕ್ಕೆ ಹೋಗುತ್ತಿದ್ದಳು.

ಶ್ರಾವಣದ ಎರಡನೆಯ ಮಂಗಳವಾರ ನೀರಜಾಬಾಯಿ ಹೊಸ ಕಾಟಾ ತಂದಳು. ಸಂಸ್ಥೆಯವರು ಎಲ್ಲ ಕಡೆಗೂ ಹೊಸದು ಕೊಟ್ಟಿದ್ದರಂತೆ. ಮೊದಲ ಕೂಸನ್ನು ಹಾಕಿದಳು, ಹುಬ್ಬು ಗಂಟಿಕ್ಕಿದಳು. ಎರಡನೆಯದನ್ನು ಹಾಕಿದಳು. ಮೂರನೆಯವನು ಬಾಳು. ಮುಳ್ಳು ಐದನ್ನೂ ಮುಟ್ಟಲಿಲ್ಲ. ನಾಲ್ಕೂ ಮುಕ್ಕಾಲಿನ ಮೇಲೆ ಅಲುಗಾಡಿ ನಿಂತಿತು. ಅವಳು ಗೋದಾಮಿನಿಂದ ಹಳೆಯ ಕಾಟಾ ತರಿಸಿ, ಒಣ ಬಟ್ಟೆಯ ಜೋಲಿಯನ್ನಷ್ಟೇ ಹಾಕಿ ನೋಡಿದಳು. ಕೂಸಿಲ್ಲದ ಜೋಲಿ ಒಂದು ಕಿಲೋ ತೂಗಿತು. ಯಾರಿಗೂ ಏನೂ ಹೇಳಲಿಲ್ಲ. ಹಳೆಯದನ್ನು ಚೀಲದೊಳಗೆ ತುರುಕಿದಳು. ಬಾಳುವಿಗೆ ಒಂದರ ಬದಲು ಎರಡು ಚೀಲ ಸುಕಡಿ ಕೊಟ್ಟಳು. "ಹೊಟ್ಟಿ ತುಂಬ ಉಣಸು, ಹೊಟ್ಟಿ ತುಂಬ" ಅಂತ ಎರಡು ಸಲ ಅಂದಳು. ಅಷ್ಟು ಸೊರಗಿದ ಕೂಸನ್ನು ದೊಡ್ಡ ದವಾಖಾನೆಗೆ ಕಳಿಸಲು ಚೀಟಿ ಬರೆದುಕೊಡಬೇಕಿತ್ತು, ಅದನ್ನು ಮರೆತಳು.

ಯಮನವ್ವನಿಗೆ ಏನನ್ನಿಸಿತು ಗೊತ್ತೆ? ಖುಷಿಯಾಯಿತು. ಹೌದು, ಖುಷಿ. ಗೆರೆ ಈಗ ಎಷ್ಟೋ ಮೇಲೆ ಉಳಿಯಿತು, ಇನ್ನು ತಿಂಗಳುಗಟ್ಟಲೆ ಹೆದರದೆ ಉಣಿಸಬಹುದು, ಎರಡು ಚೀಲದಲ್ಲಿ ಇಬ್ಬರಿಗೂ ಆಗುತ್ತದೆ. ಮುಕಾದಮನಿಗೆ ಹೊಟ್ಟೆನೋವು ಅಂತ ಹೇಳಿ ಅರ್ಧ ದಿನ ಬಿಟ್ಟಳು. ಒಲೆ ಹಚ್ಚಿ, ದಪ್ಪಗೆ ಹಿಟ್ಟು ಕಲಸಿ, ಮೇಲೆ ಬೆಲ್ಲ ಹಾಕಿ, ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಬಟ್ಟಲು ತುಂಬ ಉಣಿಸಿದಳು. ಅವನು ಮೊದಲು ಬಾಯಿ ತೆರೆಯಲಿಲ್ಲ. ನಾಲಗೆಗೆ ಬೆಲ್ಲ ತಾಕಿದ ಮೇಲೆ ತೆರೆದ, ಗುಟುಕು ಗುಟುಕಾಗಿ ಎಲ್ಲ ನುಂಗಿದ. ಅವಳು ಇನ್ನೊಂದು ಬಟ್ಟಲು ಮಾಡಿದಳು. "ಉಣ್ಣಪ್ಪ, ಉಣ್ಣು ನನ್ನ ರಾಜಾ" ಅನ್ನುತ್ತ ಮೂರು ತಿಂಗಳದ್ದನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ತುಂಬಿಸಿದಳು.

ಒಣಗಿದ ಕರುಳು ಅಷ್ಟನ್ನು ತಾಳಲಿಲ್ಲ. ಸಂಜೆಗೆ ವಾಂತಿ, ಆಮೇಲೆ ನೀರಿನಂಥ ಭೇದಿ. ಬುಧವಾರ ಕಣ್ಣು ಗುಳಿಬಿದ್ದವು. ಗುರುವಾರ ತಾಯಪ್ಪ ಕೂಸನ್ನು ಹೊತ್ತು ಮಾರ್ಕೆಟ್ಟಿನ ಬಳಿಯ ಡಾಕ್ಟರರ ಹತ್ತಿರ ಓಡಿದ. ಅವರು ಸೂಜಿ ಚುಚ್ಚಿ, ದೊಡ್ಡ ದವಾಖಾನೆಗೆ ಒಯ್ಯಿರಿ ಅಂದರು. ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ತಾಯಪ್ಪನ ಹೆಗಲ ಮೇಲೆ ಬಾಳು ಸತ್ತುಹೋದ. ಬಸ್ಸು ಬಂತು, ಗಂಡ ಹೆಂಡತಿ ಹತ್ತಲಿಲ್ಲ. ಮಧ್ಯಾಹ್ನ ಗುಡ್ಡದ ಹಿಂದೆ ಹೂಳಿ ಬಂದರು. ಮರುದಿನ ಸ್ಲ್ಯಾಬ್ ಇತ್ತು. ಇಬ್ಬರೂ ಕೆಲಸಕ್ಕೆ ಹೋದರು.

ಮುಕಾದಮನಿಂದ ಗುರುವಾರವೇ ಸುದ್ದಿ ಸಿಕ್ಕಿದ್ದ ನೀರಜಾಬಾಯಿ ಸೋಮವಾರ ಮಧ್ಯಾಹ್ನ ಬಂದಳು. ಮಂಗಳವಾರವಲ್ಲದ ದಿನ ಅವಳು ಬಂದದ್ದು ಅದೇ ಮೊದಲು. ಸೀರೆ ಎತ್ತಿ ಹಿಡಿಯಲಿಲ್ಲ. ಜೋಪಡಿಯೊಳಗೆ ಬಂದು ನೆಲದ ಮೇಲೆ ಕೂತಳು. ಊಟದ ಬಿಡುವಿಗೆ ಬಂದಿದ್ದ ಯಮನವ್ವ ಗೋದಾಳಿಗೆ ರೊಟ್ಟಿ ಮುರಿದು ಹಾಕುತ್ತಿದ್ದಳು. ನೀರಜಾಬಾಯಿ ಅವಳ ಎರಡೂ ಕೈ ಹಿಡಿದುಕೊಂಡು ಅಳತೊಡಗಿದಳು.

"ನಿನ್ನ ಮಗ ನನ್ನಿಂದ ಹೋದ ಯಮನವ್ವಾ. ಆ ಕಾಟಾ ತಪ್ಪಿತ್ತು. ಒಂದು ಕಿಲೋ ಹೆಚ್ಚಿಗಿ ತೋರಸ್ತಿತ್ತು. ಮುಳ್ಳು ಮುಂದ ನಿಲ್ಲೂದು ನೋಡಿದೆ, ನೋಡಿದ್ರೂ ತಿಳೀಲಿಲ್ಲ ನನಗ. ಮೊದಲ ಗೊತ್ತಾಗಿದ್ರ ದವಾಖಾನಿಗೆ ಸೇರಿಸ್ತಿದ್ದೆ. ನಾಕು ದಿನ ಆತು, ನಿದ್ದಿ ಇಲ್ಲ."

ಯಮನವ್ವ ಕೈ ಬಿಡಿಸಿಕೊಳ್ಳಲಿಲ್ಲ. "ಯಾವಾಗಿಂದ ತಪ್ಪಿತ್ರಿ?" ಅಂದಳು.

"ಆಷಾಢದಿಂದ ಇರಬೇಕು."

ನೀರಜಾಬಾಯಿ ಚೀಲದಿಂದ ಒಂದು ಹೊಸ ಕಾರ್ಡು ತೆಗೆದಳು. ಅದರ ಮೇಲೆ ಗೋದಾಳ ಹೆಸರಿತ್ತು. "ಸಾಹೇಬ್ರ ಹತ್ರ ಹೋಗಿ ಕಾಡಿ ಬೇಡಿ ಒಪ್ಪಿಸೀನಿ. ವಯಸ್ಸಿನ ಕಾಯದೆ ಈಕಿಗೆ ಬಿಡತಾರ. ವರ್ಷತನಕ ವಾರಕ್ಕೊಂದು ಚೀಲ. ಇಷ್ಟಾದ್ರೂ ಮಾಡತೀನಿ."

ಯಮನವ್ವ ಆ ಕಾರ್ಡು ಇಸಿದುಕೊಂಡು ಬಾಯಿ ಮುಚ್ಚಿಕೊಂಡಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮೂರು ತಿಂಗಳು ಅವಳು ಬೇಡಿದ್ದು ಇದನ್ನೇ. ಆದರೆ ಅವಳ ತಲೆಯಲ್ಲಿ ಆಷಾಢದಿಂದೀಚಿನ ಸೋಮವಾರಗಳು ಒಂದೊಂದಾಗಿ ಹಾದುಹೋಗುತ್ತಿದ್ದವು. ಐದೂವರೆ ಅಂದ ಕೈ, ಐದೂಕಾಲು ಅಂದ ಕೈ, ಐದು ಅಂದ ಕೈ. ಎಲ್ಲ ಸಲವೂ ಅದು ನಿಜವನ್ನೇ ಹೇಳಿತ್ತು. ಮಗ ಸಾಯುತ್ತಿದ್ದಾನೆಂದು ಅವಳ ಕೈಗೆ ಗೊತ್ತಿತ್ತು, ಅವಳಿಗೆ ಹೇಳುತ್ತಲೂ ಇತ್ತು. ಎದುರಿಗೆ ಕೂತು ಬೇರೆ ಹೆಂಗಸೊಬ್ಬಳು ಬಾಳುವಿನ ಸಾವನ್ನು ತನ್ನದೆಂದು ಅಳುತ್ತಿದ್ದದ್ದನ್ನು ಅವಳಿಗೆ ಸಹಿಸಲಾಗಲಿಲ್ಲ.

"ನಿಮ್ಮಿಂದ ಅಲ್ರಿ ಬಾಯಾರ" ಅಂದಳು. "ನಾ ಅವಗ ಉಣಸಿಲ್ಲ. ಸುಕಡಿ ಈಕಿಗೆ ಹಾಕೀನಿ. ಅವ ಮ್ಯಾಲ ಬಂದ್ರ ಹೆಸರು ತಗೀತೀರಿ ಅಂತ ಗಂಜಿ ಬಿಡಿಸೀನಿ. ಮಧ್ಯಾನ ಮೊಲಿ ಸೈತ ಕೊಟ್ಟಿಲ್ಲ. ಹಿಂಡಿ ಚೆಲ್ಲೀನಿ."

ನೀರಜಾಬಾಯಿಯ ಅಳು ನಿಂತಿತು. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟಳು. ನಾಲ್ಕು ದಿನದಿಂದ ಎದೆಯ ಮೇಲೆ ಕೂತದ್ದು ಇಳಿದುಹೋದ ಉಸಿರು ಅದು. ಯಮನವ್ವ ಅದನ್ನು ಕಣ್ಣಾರೆ ಕಂಡಳು. ನೀರಜಾಬಾಯಿ ತನ್ನ ಕೈಗಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿದಳು.

"ಅಂದ್ರ ಕಾಟಾದಿಂದ ಅಲ್ಲ" ಅಂದಳು.

"ಅಲ್ರಿ."

"ಬೇಕಂತನ ಮಾಡೀದಿ."

"ಇಬ್ಬರೂ ಉಳೀಲಿ ಅಂತ ಮಾಡೀನ್ರಿ."

"ಹೆತ್ತಾಕಿ ಏನ ನೀ?" ಅಂದಳು ನೀರಜಾಬಾಯಿ. ದನಿ ಏರಿಸಲಿಲ್ಲ, ಏರಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಗೋದಾಳ ಕಾರ್ಡನ್ನು ಚೀಲದೊಳಗೆ ವಾಪಸು ಇಟ್ಟಳು.

"ಬಾಯಾರ, ಆಕಿದೇನು ತಪ್ಪದ? ಆಕಿ ಹೆಸರು ಇರಲ್ರಿ."

"ನಿನ್ನ ಕೈಯಾಗ ಕೊಟ್ರ ಯಾರ ಬಾಯಿಗೆ ಹೋಗ್ತದ ಅಂತ ನಾ ಹೆಂಗ ನಂಬಲಿ?"

ನೀರಜಾಬಾಯಿ ಒಂದು ಕಾಗದ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಬರೆದಳು. ತಾಯಿಯೇ ಕೂಸಿನ ಆಹಾರ ತಪ್ಪಿಸಿದ್ದರಿಂದ ಕೂಸು ತೀರಿಕೊಂಡಿತು, ಬೇರೆ ಯಾರದೂ ತಪ್ಪಿಲ್ಲ ಎಂದು ಬರೆದದ್ದನ್ನು ಓದಿ ಹೇಳಿದಳು. ಅದರಲ್ಲಿ ಕಾಟಾದ ಮಾತಿರಲಿಲ್ಲ. ಶಾಯಿಯ ಡಬ್ಬಿ ಅವಳ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು.

"ನಾ ಇದಕ್ಕ ಹೆಬ್ಬೆಟ್ಟು ಒತ್ತಿದ್ರ ಗೋದಾನ ಹೆಸರು ಬರಕೋತೀರೇನ್ರಿ?"

"ನೋಡೋಣು" ಅಂದಳು ನೀರಜಾಬಾಯಿ, ಕಾಗದದ ಮೂಲೆ ಹಿಡಿದುಕೊಂಡು.

ಯಮನವ್ವ ಒತ್ತಿದಳು. ಸಿಮೆಂಟಿಗೆ ಸವೆದ ಹೆಬ್ಬೆರಳು, ಗೆರೆ ಮೂಡಲಿಲ್ಲ. ಎರಡನೆಯ ಸಲ ಜೋರಾಗಿ ಒತ್ತಿಸಿಕೊಂಡಳು ನೀರಜಾಬಾಯಿ. ಕಾಗದ ಆರುವ ತನಕ ಕಾದು, ಮಡಚಿ, ಎದ್ದು ಹೋದಳು. ಬರುವಾಗ ಗುಡ್ಡ ಹತ್ತಿ ಏದುತ್ತಿದ್ದವಳು ಇಳಿಯುವಾಗ ಸರಸರ ಇಳಿದಳು.

ಮರುದಿನ ಮಂಗಳವಾರ. ಯಮನವ್ವ ಕೆಲಸ ಬಿಟ್ಟು, ಗೋದಾಳಿಗೆ ತಲೆ ಬಾಚಿ, ಬೇವಿನ ಮರದ ಕೆಳಗೆ ಎಲ್ಲರಿಗಿಂತ ಮುಂಚೆ ಹೋಗಿ ನಿಂತಳು. ನೀರಜಾಬಾಯಿ ಬರಲಿಲ್ಲ. ಅವಳನ್ನು ಬೇರೆ ಕಡೆಗೆ ಹಾಕಿದ್ದಾರೆಂದು ಬಂದ ಹೊಸ ಬಾಯಿ ಹೇಳಿದಳು. ಇವಳು ಚಿಕ್ಕ ವಯಸ್ಸಿನವಳು, ಮರಾಠಿ ಬಿಟ್ಟರೆ ಬೇರೆ ಬಾರದು, ನಗುಮುಖ. ಕೂಸುಗಳನ್ನೆಲ್ಲ ತೂಗಿ, ಪಟ್ಟಿ ಓದಿ, ಚೀಲ ಹಂಚಿದಳು. ಪಟ್ಟಿ ಮುಗಿಯಿತು. ಗೋದಾಳ ಹೆಸರು ಬರಲಿಲ್ಲ.

ಯಮನವ್ವ ಮುಂದೆ ಹೋಗಿ ಮಗಳನ್ನು ತೋರಿಸಿದಳು. ಹೊಸ ಬಾಯಿ ಗೋದಾಳ ತಲೆ ನೇವರಿಸಿ, ಇವಳು ದೊಡ್ಡವಳು, ಪಟ್ಟಿಯಲ್ಲಿ ಇಲ್ಲ ಅಂದಳು. ಯಮನವ್ವ ಶಾಯಿ ಹತ್ತಿದ ಹೆಬ್ಬೆರಳು ಎತ್ತಿ 'ಅಂಗಠಾ, ಅಂಗಠಾ' ಅಂದಳು. ಹೊಸ ಬಾಯಿಗೆ ತಿಳಿಯಲಿಲ್ಲ. ಯಾವ ಹೆಬ್ಬೆಟ್ಟು, ಯಾತಕ್ಕೆ ಒತ್ತಿದೆ ಅಂತ ಕೇಳಿದಳು.

ಹಿಂದೆ ಹನ್ನೆರಡು ಹೆಂಗಸರು ಕೂಸು ಎತ್ತಿಕೊಂಡು ನಿಂತಿದ್ದರು. ಯಮನವ್ವ ಐದು ವರ್ಷದಲ್ಲಿ ಕಲಿತ ಮರಾಠಿಯಲ್ಲಿ ಕೆಲಸ ಕೇಳಬಲ್ಲಳು, ಕಾಯಿಪಲ್ಲೆ ಕೊಳ್ಳಬಲ್ಲಳು. ಈ ಮಾತನ್ನು ಅವಳು ಕನ್ನಡದಲ್ಲೇ ಹೇಳಬೇಕಾಯಿತು.

"ನನ್ನ ಮಗನ್ನ ನಾನ ಉಪಾಸ ಕೆಡವಿ ಕೊಂದೀನಿ ಅಂತ ಒತ್ತೀನ್ರಿ. ಒತ್ತಿದ್ರ ಈಕಿ ಹೆಸರು ಬರೀತೀವಿ ಅಂದಾರ."

ಹೊಸ ಬಾಯಿ ಎಲ್ಲರ ಮುಖ ನೋಡಿ, ಏನನ್ನುತ್ತಿದ್ದಾಳೆ ಇವಳು ಅಂತ ಸಕ್ಕುಬಾಯಿಯನ್ನು ಕೇಳಿದಳು. ಸಕ್ಕುಬಾಯಿ ಮರಾಠಿಯಲ್ಲಿ, ಇವಳ ಸಣ್ಣ ಕೂಸು ಹೋದ ವಾರ ತೀರಿಕೊಂಡಿತು, ಅದಕ್ಕೇ ಏನೇನೋ ಅನ್ನುತ್ತಾಳೆ, ಸುಕಡಿ ಸಿಗುತ್ತದೇನೋ ಅಂತ ಕೇಳುತ್ತಿದ್ದಾಳೆ ಅಂದಳು.

ಹೊಸ ಬಾಯಿಯ ಮುಖ ಬಾಡಿತು. ಅವಳು ಯಮನವ್ವನ ಭುಜದ ಮೇಲೆ ಕೈಯಿಟ್ಟಳು. ಕೂಸಿಲ್ಲದವರಿಗೆ ಕೊಡಲು ತನಗೆ ಬರುವುದಿಲ್ಲ, ದುಃಖ ಮಾಡಬೇಡ, ನಿನಗಿನ್ನೂ ವಯಸ್ಸಿದೆ ಅಂದಳು. ಮುಂದಿನ ಕೂಸು ಆದ ಕೂಡಲೇ ಎತ್ತಿಕೊಂಡು ಬಾ, ತೂಗಿ ನೋಡೋಣ, ತೂಕ ಕಮ್ಮಿ ಇದ್ದರೆ ಖಂಡಿತ ಹೆಸರು ಬರೆದುಕೊಳ್ಳುತ್ತೇನೆ ಅಂದಳು. ತೂಕದ ಮಾತಾದ್ದರಿಂದ ಅದನ್ನು ಯಾರೂ ಯಮನವ್ವನಿಗೆ ಕನ್ನಡದಲ್ಲಿ ತಿಳಿಸಿ ಹೇಳಬೇಕಾಗಲಿಲ್ಲ.